ನಾಲ್ಕು ಅಂಗುಲದ ಲೆಕ್ಕ

ಭಾಲ್ಕಿ, ಬೆಳಿಗ್ಗೆ

ಬಸ್ ಸ್ಟ್ಯಾಂಡಿನಲ್ಲಿ ಸರ್ವೆ ನಕ್ಷೆಯ ಟೊಪೊಶೀಟ್ ಬಿಚ್ಚಿದೆ. ಭಾಲ್ಕಿಗೂ ಬೀದರಿಗೂ ನಡುವೆ 18 ಡಿಗ್ರಿ ಅಕ್ಷಾಂಶ ಹಾಯುತ್ತದೆ. ಹಾಗಾಗಿ ಭಾಲ್ಕಿ 56 ಎಫ್ ಹಾಳೆಯಲ್ಲಿ, ಬೀದರ 56 ಜಿ ಹಾಳೆಯಲ್ಲಿ. ಒಂದೇ ಜಿಲ್ಲೆಯ ಎರಡು ಊರು ನೋಡಲು ಎರಡು ಹಾಳೆ ಜೋಡಿಸಬೇಕು.

ಅಲ್ಲೇ, ಬಸ್ಸು ಬರುವವರೆಗೆ

ಭಾರತವನ್ನು ತ್ರಿಕೋನಗಳಲ್ಲಿ ಅಳೆಯುತ್ತಿದ್ದ ಸರ್ವೇಯರ್ ಲ್ಯಾಂಬ್ಟನ್ 1815ರಲ್ಲಿ ಬೀದರ್ ಸೀಮೆಯ ದಾಮರಗಿದ್ದದ ಬಳಿ ನೆಲದ ಮೇಲೆ ಒಂದು ಆಧಾರರೇಖೆ ಅಳೆದ. ಒಂದು ಗೆರೆ ನೆಲದಲ್ಲಿ ಅಳೆದರೆ ಸಾಕು, ಮುಂದಿನದೆಲ್ಲ ಕೋನ, ತ್ರಿಕೋನ, ಲೆಕ್ಕ. 1841ರಲ್ಲಿ ಅದೇ ಸರ್ವೆಯ ಆಂಡ್ರ್ಯೂ ವಾ ಅಲ್ಲೇ ಮತ್ತೆ ಅಳೆದ. ಮಾಳ್ವದ ಸಿರೋಂಜಿನಿಂದ ನಾನೂರು ಮೈಲಿಗೂ ಹೆಚ್ಚು ತ್ರಿಕೋನ ಹೆಣೆದುಕೊಂಡು ಬಂದ ಲೆಕ್ಕ, ನೆಲದ ಅಳತೆಗೆ ಸುಮಾರು ನಾಲ್ಕು ಅಂಗುಲ ತಪ್ಪಿತಂತೆ. ರೇಖೆಯ ಉದ್ದ ಎಂಟು ಮೈಲಿಗೆ ತುಸು ಕಡಿಮೆ. ನಮ್ಮೂರಲ್ಲಿ ಬದುವಿನ ಜಗಳವೇ ಇದಕ್ಕಿಂತ ಹೆಚ್ಚಿನದಕ್ಕೆ ನಡೆಯುತ್ತದೆ.

ದಾಮರಗಿದ್ದದ ಅಕ್ಷಾಂಶ 18°3′15″. ಅದೇ ಸರ್ವೆಯ ಎವರೆಸ್ಟ್ 1847ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಅದಿದೆ. ಹೆಚ್ಚುಕಡಿಮೆ ನಾನು ಕೂತಿರುವ ಭಾಲ್ಕಿಯ ಅಕ್ಷಾಂಶವೂ ಅದೇ.

ಔರಾದ ದಾರಿ, ಮಾಂಜ್ರಾ ಸೇತುವೆ

ದಂಡೆಯುದ್ದಕ್ಕೂ ಕಬ್ಬು, ಪಂಪ್‌ಸೆಟ್ಟು. ಈ ಹೊಳೆ ಹುಟ್ಟುವ ಬೀಡ್, ಗೋದಾವರಿ ಸೇರುವ ಕಂದಕುರ್ತಿ, ಎರಡೂ ಒಂದು ಕಾಲಕ್ಕೆ ನಿಜಾಮರ ಸೀಮೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಲ್ಲಿ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು, ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಬಂದವು. ಹೊಳೆ ಹರಿಯುವ ಜಾಗದಲ್ಲೇ ಇತ್ತು, ಗೆರೆ ಬಂದು ಅದನ್ನು ದಾಟಿತು.

"ನೀರು ಯಾರದ್ರೀ?" ಎಂದೆ, ಪೈಪು ಜೋಡಿಸುತ್ತಿದ್ದ ಹಿರಿಯರನ್ನು.

"ಮ್ಯಾಲಿನವ್ರು ಬಿಟ್ರ ನಮ್ಮದು, ನಾವು ಬಿಟ್ರ ಕೆಳಗಿನವ್ರದು."

ಹಾಳೆಯಲ್ಲಿ ಗಡಿಗೆ ಚುಕ್ಕಿಗೆರೆ ಇದೆ. ಈ "ಬಿಟ್ರ" ಎಂಬುದಕ್ಕೆ ಯಾವ ಗುರುತೂ ಇಲ್ಲ.

ಬೀದರ, ನೌಬಾದ್, ಸಂಜೆ

ಬಹಮನಿ ಕಾಲದ ಕರೇಜ್, ಊರವರ ಸುರಂಗ ಬಾವಿ. ಪರ್ಷಿಯಾದ ಮರುಭೂಮಿಯ ವಿದ್ಯೆ. ಮೇಲಿನ ಕೆಂಪು ಕಲ್ಲು ಮಳೆನೀರು ಕುಡಿಯುತ್ತದೆ, ಕೆಳಗಿನ ಕರಿಕಲ್ಲು ಇಳಿಯಗೊಡುವುದಿಲ್ಲ. ಆ ನಡುವಿನ ನೀರನ್ನು ಸಣ್ಣ ಇಳಿಜಾರಿನ ಸುರಂಗ ಹೊರಗೆ ಒಯ್ಯುತ್ತದೆ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಲ್ಯಾಂಬ್ಟನ್‌ಗೆ ಮುನ್ನೂರು ವರ್ಷ ಮೊದಲೇ, ಕತ್ತಲಲ್ಲಿ, ಈ ಇಳಿಜಾರನ್ನು ಅಳೆದವರು ಯಾರು? ಯಾವುದರಿಂದ ಅಳೆದರು?

ಬಾವಿಯ ಬಾಯಲ್ಲಿ ಬಗ್ಗಿ ನೋಡಿದೆ. ನಕ್ಷೆಯಲ್ಲಿ ಬಾವಿಯೆಂದರೆ ಒಂದು ಸೊನ್ನೆ, ನಿಂತ ನೀರು. ಇದು ಹರಿಯಲೆಂದು ತೋಡಿದ ಬಾವಿ. ಸೊನ್ನೆ ಹಾಕಲೋ, ಗೆರೆ ಎಳೆಯಲೋ? ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಎದ್ದೆ.