ಕಾಲಳತೆಯ ಊರು

ಚಾಮರಾಜಪುರಂ ಸ್ಟೇಷನ್ನಿನ ಹತ್ತಿರ ನಮ್ಮದು ಬಾಡಿಗೆ ಮನೆ. ಕೆಳಗೆ ಅಂಗಡಿ, ಮೇಲೆ ನಾವು. ಸೊಪ್ಪು, ಡಾಕ್ಟರು ಎಲ್ಲಕ್ಕೂ ಅತ್ತೆ ನಡೆದೇ ಹೋಗುತ್ತಿದ್ದರು. ಸೋಮವಾರ ಒಬ್ಬರೇ ರೈಲು ಹತ್ತಿ ನಂಜನಗೂಡಿನ ನಂಜುಂಡೇಶ್ವರನ ದರ್ಶನ ಮಾಡಿಬರುತ್ತಿದ್ದರು.

ಸ್ವಂತ ಮನೆಗೆ ಹಟ ಹಿಡಿದವಳು ನಾನೇ. ಈಗ ರಿಂಗ್ ರಸ್ತೆಯಾಚೆ ಇದ್ದೇವೆ. ಗಾಳಿ, ಬೆಳಕು ಧಾರಾಳ. ಆದರೆ ಕೊತ್ತಂಬರಿಸೊಪ್ಪಿಗೂ ಸ್ಕೂಟರ್ ತೆಗೆಯಬೇಕು. ಅತ್ತೆ ವರಾಂಡ ಬಿಟ್ಟಿಳಿಯುವುದಿಲ್ಲ.

ಪ್ಲೇಗಿನ ಕಾಲದಲ್ಲಿ, 1903ರಲ್ಲಿ, ಊರಿನ ಇಕ್ಕಟ್ಟು ಬಿಡಿಸಲು ಮೈಸೂರಿನಲ್ಲಿ ಟ್ರಸ್ಟ್ ಬೋರ್ಡ್ ಮಾಡಿದರು. ಇಕ್ಕಟ್ಟು ಬೇಡ, ನಿಜ. ಹಾಗೆಂದು ಇಷ್ಟು ದೂರವೂ ಬೇಕೇ? ಸ್ಟೇಷನ್ನಿನ ಸುತ್ತ ಅಂಗಡಿ, ಮನೆಗಳನ್ನು ಜೊತೆಜೊತೆಗೆ ಕೂರಿಸಿದರೆ ವಯಸ್ಸಾದವರಿಗೆ ಯಾರ ಹಂಗೂ ಇರದು. ನಕ್ಷೆ ಬರೆಯುವವರು ಮೊದಲು ಅವರ ನಡಿಗೆಯನ್ನು ಅಳೆಯಲಿ.

ಮೊನ್ನೆ ಅತ್ತೆ, "ಇವತ್ತು ಸೋಮವಾರ ಅಲ್ವೇನೇ?" ಎಂದರು. ನಾನು ಮಾತಾಡಲಿಲ್ಲ.