ಮುತ್ಯಾನ ಮದ್ದಿನ ಮಾಪು

ಹೋದ ವರ್ಷ ನಮ್ಮ ಏಳನೆಯ ತರಗತಿಯ ಮಕ್ಕಳನ್ನು ಅಕ್ಕಲಕೋಟೆಗೆ ಕರೆದುಕೊಂಡು ಹೋಗಿದ್ದೆ. ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಅರಮನೆಯ ಶಸ್ತ್ರಾಗಾರ ನೋಡಿದೆವು. ಹುಡುಗರು ಕತ್ತಿ ಗುರಾಣಿಗಳಿಗಿಂತ ಬಂದೂಕುಗಳ ಮುಂದೆಯೇ ಹೆಚ್ಚು ಹೊತ್ತು ನಿಂತರು. ತಿರುಗಿ ಬರುವಾಗ ಎಸ್.ಟಿ. ಬಸ್ಸಿನಲ್ಲಿ ಒಬ್ಬ ಹುಡುಗ ಕೇಳಿದ: "ಸರ್ರಿ, ನೀವು ಓದಿ ಹೇಳಿದ ಕಥಿಯೊಳಗ ಆಂಡರ್ಸನ್ ಸಾಹೇಬ್ರದು ಪಾಯಿಂಟ್ ನಾಕನೂರಾ ಐದು ಬಂದೂಕು ಅಂತ ಇತ್ತಲ್ರಿ, ಹಂಗಂದ್ರ ಏನ್ರಿ?"

ಕೆನೆತ್ ಆಂಡರ್ಸನ್ ಬೆಂಗಳೂರಿನ ಬೇಟೆಗಾರ. ಅವರ ಕಾಡಿನ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಶನಿವಾರದ ಕೊನೆಯ ತಾಸಿನಲ್ಲಿ ಅವನ್ನು ನಾನು ಮಕ್ಕಳಿಗೆ ಓದಿ ಹೇಳುತ್ತೇನೆ. ಹುಡುಗನ ಪ್ರಶ್ನೆಗೆ ಬಸ್ಸಿನಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಕೊಡಲು ಒಂದು ವಾರ ಹಿಡಿಯಿತು.

.405 ಎಂದರೆ ಇಂಚಿನ ದಶಾಂಶ ಲೆಕ್ಕ. ಒಂದು ಇಂಚಿಗೆ 25.4 ಮಿಲಿಮೀಟರ್, ಗುಣಿಸಿದರೆ ಸುಮಾರು 10.3 ಮಿ.ಮೀ. ಆದರೆ ಇಲ್ಲೊಂದು ಮೋಜಿದೆ. ಆ ವಿಂಚೆಸ್ಟರ್ ರೈಫಲ್ಲಿನ ಹೆಸರು .405, ಅದಕ್ಕೆ ಹಾಕುವ ಗುಂಡಿನ ಅಡ್ಡಳತೆ ಮಾತ್ರ .411 ಇಂಚು! ಹೆಸರು ನಂಬಿ ಗುಂಡು ತಂದವನು ಕೆಟ್ಟ. ನಳಿಗೆಯನ್ನು ಅಳೆದು ತಂದವನು ಗೆದ್ದ.

ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಗ್ರೇನ್ ಅಂದರೆ ಮೂಲದಲ್ಲಿ ಒಂದು ಕಾಳು. ನಮ್ಮ ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಗುಲಗಂಜಿ ಇಲ್ಲವೇ, ಅದೇ ದಾರಿ. ಒಂದು ಗುಂಜಿ ಎಂದರೆ ಎರಡು ಗ್ರೇನಿಗೆ ತುಸು ಕಡಿಮೆ, ಒಂದು ತೊಲೆಗೆ 180 ಗ್ರೇನ್. ಆಂಡರ್ಸನ್ನರ .405ಕ್ಕೆ 300 ಗ್ರೇನಿನ ಗುಂಡು, ಅಂದರೆ ಸುಮಾರು 19.4 ಗ್ರಾಂ. ಜಿಮ್ ಕಾರ್ಬೆಟ್ಟರಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಬಹುಮಾನವಾಗಿ ಬಂದ ರೈಫಲ್ .275 ರಿಗ್ಬಿ. ಅದು 7 ಮಿ.ಮೀ.ದು. ಈ ಜಾತಿಯ ರೈಫಲ್ಲಿಗೆ ಹೆಸರಾದ ಗುಂಡು 140 ಗ್ರೇನ್, 9 ಗ್ರಾಮಿನ ಆಸುಪಾಸು. ಮಕ್ಕಳು ಇದನ್ನೆಲ್ಲ ತೊಲೆಗೆ ಇಳಿಸಿ ಹಲಗೆಯ ಮೇಲೆ ಬರೆದರು. ದಶಾಂಶಕ್ಕೆ ಹೆದರುವ ಹುಡುಗಿಯೂ ಅಂದು ಹೆದರಲಿಲ್ಲ!

ಇಂಥ ಹಳೆಯ ರೈಫಲ್ಲುಗಳಿಗೆ ತಯಾರಾದ ತೋಟಾ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಹೊರದೇಶಗಳಲ್ಲಿ ಅವನ್ನು ಇಟ್ಟುಕೊಂಡವರು ಹಿತ್ತಾಳೆಯ ಖಾಲಿ ತೋಟಾಕ್ಕೆ ಹೊಸ ಕೇಪು ಕೂಡಿಸಿ, ಮದ್ದು ತೂಗಿ ಹಾಕಿ, ಗುಂಡು ಕೂಡಿಸಿ ತಾವೇ ತುಂಬಿಕೊಳ್ಳುತ್ತಾರೆ. ಮೆತ್ತಗಿನ ಮೂತಿಯ ಗುಂಡು ಮೈಯಲ್ಲಿ ಅರಳುತ್ತದೆ, ಪೂರ್ತಿ ಗಟ್ಟಿ ಕವಚದ್ದು ಅರಳದೆ ಆಳಕ್ಕೆ ಹೋಗುತ್ತದೆ. ಯಾವ ಪ್ರಾಣಿಗೆ ಯಾವುದು ಎಂಬುದು ಮೊದಲ ಪ್ರಶ್ನೆ. ನಳಿಗೆಯ ಒಳಗಿನ ತಿರುಚು ಗೆರೆ ಎಷ್ಟು ಉದ್ದದ ಗುಂಡಿಗೆ ಒಗ್ಗುತ್ತದೆ ಎಂಬುದು ಎರಡನೆಯದು. ಮದ್ದನ್ನು ಕಡಿಮೆಯಿಂದ ಶುರುಮಾಡಿ ಹಂತಹಂತವಾಗಿ ಏರಿಸುತ್ತಾರೆ. ಪ್ರತಿ ಹಂತಕ್ಕೆ ಕಾಗದದ ಗುರಿಗೆ ನಾಲ್ಕೈದು ಗುಂಡು ಹೊಡೆದು ತೂತುಗಳು ಎಷ್ಟು ಹತ್ತಿರ ಬಿದ್ದವೆಂದು ಅಳೆಯುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನಮ್ಮ ವಿಜ್ಞಾನದ ಪಾಠವೂ ಇದನ್ನೇ ಹೇಳುವುದು ಅಲ್ಲವೇ?

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಈಗ ಹವ್ಯಾಸದ ಬೇಟೆಗೂ ಜಾಗವಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿದ್ದೆ. ಹಾಗಾದರೆ ಈ ಪಾಠ ಏಕೆ? ಅದಕ್ಕೆ ನಮ್ಮ ಮನೆಯ ಒಂದು ಮಾತು ಹೇಳಬೇಕು.

ನಮ್ಮ ಮುತ್ಯಾನ ಹತ್ತಿರ ಲೈಸನ್ಸಿನ ಕೇಪಿನ ಬಂದೂಕು ಇತ್ತು. ಬಾಯಿಯಿಂದ ಮದ್ದು ಸುರಿದು, ಅರಿವೆ ಚಿಂದಿ ತುರುಕಿ, ಗುಂಡು ಹಾಕಿ, ಗಜದಿಂದ ಜಡಿಯುವಂಥದ್ದು. ಜೋಳದ ಹೊಲ ಕಾಯಲಿಕ್ಕೆ. ಮದ್ದು ಅಳೆಯಲು ಬೆರಳಿನಷ್ಟು ದಪ್ಪದ ಹಿತ್ತಾಳೆಯ ಮಾಪು. 1960ರ ಆಸುಪಾಸಿನ ಮಾತು, ಅಪ್ಪ ಆಗ ಹತ್ತು ವರ್ಷದ ಹುಡುಗ. ಒಂದು ಸಂಜೆ ಚಿಗರಿ ಹಿಂಡು ಹೊಲಕ್ಕೆ ಬಿತ್ತು. ಮುತ್ಯಾ ಬಂದೂಕು ತುಂಬು ಎಂದರು. ಗಡಿಬಿಡಿಯಲ್ಲಿ ಮಾಪು ಸಿಗಲಿಲ್ಲ, ಅಪ್ಪ ಅಂಗೈಯಲ್ಲಿ ಅಂದಾಜು ಮಾಡಿ ಸುರಿದರು. ಮದ್ದು ಕಡಿಮೆ ಬಿತ್ತು. ಗುಂಡು ಕೆಳಗಿಳಿದು ಒಂದು ಚಿಗರಿಯ ಕಾಲು ಮುರಿಯಿತು. ಅದು ಕುಂಟುತ್ತ ಕತ್ತಲಲ್ಲಿ ಹೋಯಿತು.

ಮುತ್ಯಾ ಎರಡು ದಿನ ಹುಡುಕಿದರು. ಮೂರನೆಯ ದಿನ ಹಳ್ಳದ ದಂಡೆಯಲ್ಲಿ ಸಿಕ್ಕಿತು, ಆಗಲೇ ಸತ್ತಿತ್ತು. ಅಪ್ಪನನ್ನು ಅಲ್ಲಿಗೆ ಕರೆದೊಯ್ದು, "ಅಳತಿ ತಪ್ಪಿದ್ದು ನಾವು. ಮೂರು ದಿನ ಉಂಡಿದ್ದು ಇದು" ಎಂದಷ್ಟೇ ಹೇಳಿದರಂತೆ. ಬೈಯಲಿಲ್ಲ. ಆಮೇಲೆ ಮುತ್ಯಾ ಪ್ರಾಣಿಗೆ ಗುರಿ ಹಿಡಿಯಲೇ ಇಲ್ಲ. ಕೆಲವು ವರ್ಷದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿದರು. ಮಾಪು ಮನೆಯಲ್ಲೇ ಉಳಿಯಿತು. ಅಪ್ಪ ಇದನ್ನು ನನಗೆ ಹೇಳಿದ್ದು ನಾನು ಟಿ.ಸಿ.ಎಚ್. ಮುಗಿಸಿ ಮೊದಲ ದಿನ ಶಾಲೆಗೆ ಹೊರಟಾಗ. ಆಗ ಯಾಕೆ ಹೇಳಿದರೋ ತಿಳಿದಿರಲಿಲ್ಲ.

ಆ ಮಾಪನ್ನು ತರಗತಿಗೆ ಒಯ್ದೆ. ಮದ್ದಿನ ಬದಲು ಒಣ ಉಸುಕು. ಮೊದಲು ಅಂಗೈಯಿಂದ ಐದು ಸಲ, ಆಮೇಲೆ ಮಾಪಿನಿಂದ ಐದು ಸಲ ಸುರಿದು ಮಕ್ಕಳು ತೂಗಿದರು. ಅಂಗೈಯದು ಒಮ್ಮೆ 3 ಗ್ರಾಂ, ಒಮ್ಮೆ 6 ಗ್ರಾಂ. ಮಾಪಿನದು ಹೆಚ್ಚುಕಡಿಮೆ ಒಂದೇ. ಆಮೇಲೆ ಚಿಗರಿಯ ಕಥೆ ಹೇಳಿದೆ. ತರಗತಿ ಸುಮ್ಮನಾಯಿತು. ಬಸ್ಸಿನಲ್ಲಿ ಪ್ರಶ್ನೆ ಕೇಳಿದ್ದ ಹುಡುಗ ಮಾಪನ್ನು ತಿರುಗಿಸಿ ನೋಡಿ, "ನಿಮ್ಮ ಅಪ್ಪಾರು ಅತ್ರೇನ್ರಿ?" ಎಂದ. ಹೌದು ಎಂದೆ.

ಸೋಲಾಪುರದ ಹತ್ತಿರ ನಾನ್ನಜ್‌ನಲ್ಲಿ 1979ರಲ್ಲಿ ಆದ ಎರೆಭೂತ ಪಕ್ಷಿಧಾಮವಿದೆ. ಎರೆಭೂತ ಕಾಣುವುದು ಈಗ ಬಹಳ ಅಪರೂಪ, ಆದರೆ ಚಿಗರಿಗಳಿವೆ. ಈ ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು ಎಂದುಕೊಂಡಿದ್ದೇನೆ. ಮುತ್ಯಾನ ಮಾಪು ಈಗ ನನ್ನ ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿದೆ. ಉತ್ತರಪತ್ರಿಕೆ ತಿದ್ದುವಾಗ ಅವಸರವಾದರೆ, ಅಂದಾಜಿನ ಮೇಲೆ ಅಂಕ ಹಾಕುವ ಮನಸ್ಸಾದರೆ, ಅದರ ಕಡೆಗೊಮ್ಮೆ ನೋಡುತ್ತೇನೆ. ಮತ್ತೆ ಮೊದಲಿನಿಂದ ಓದುತ್ತೇನೆ.