ಬೆಣಚುಕಲ್ಲಿನ ಕಣಿವೆ ಸ್ಪ್ರೂಸ್ ಪೈನ್

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮ ಭಾಗದಲ್ಲಿ ಬ್ಲೂ ರಿಜ್ ಎಂಬ ಬೆಟ್ಟಸಾಲು ಉಂಟು. ದೂರದಿಂದ ನೋಡುವವರಿಗೆ ಆ ಬೆಟ್ಟಗಳು ನೀಲಿಯ ಮಬ್ಬನ್ನು ಹೊದ್ದು ಮಲಗಿದಂತೆ ಕಾಣುವುದರಿಂದ ಹೆಸರು ಸಾರ್ಥಕವಾಗಿದೆ. ಆ್ಯಶ್‌ವಿಲ್ ನಗರದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರು ಬೆಟ್ಟದ ದಾರಿಯಲ್ಲಿ ಸಾಗಿದರೆ, ನಾರ್ತ್ ಟೋ ಎಂಬ ಚಿಕ್ಕ ನದಿಯ ದಂಡೆಯ ಮೇಲೆ ಸ್ಪ್ರೂಸ್ ಪೈನ್ ಎಂಬ ಊರು ಎದುರಾಗುತ್ತದೆ. ಜನಸಂಖ್ಯೆ ಸುಮಾರು 2200. ಪೇಟೆಯೆಂದರೆ ಎರಡೇ ಬೀದಿಗಳು. ಎತ್ತರದಲ್ಲಿರುವುದು ಮೇಲಿನ ಬೀದಿ; ನದಿ ಮತ್ತು ರೈಲುಹಳಿಯ ಪಕ್ಕದಲ್ಲಿರುವುದು ಕೆಳಗಿನ ಬೀದಿ. 1907ರಲ್ಲಿ ರೈಲುದಾರಿ ಬಂದಾಗ ಅದರ ಜೊತೆಗೇ ಬೆಳೆದ ಊರಿದು.

ನಮ್ಮಲ್ಲಿ ಈ ಊರಿನ ಹೆಸರನ್ನು ಕೇಳಿದವರು ವಿರಳ. ಆದರೆ ವಾಚಕರು ಕೈಯಲ್ಲಿ ಹಿಡಿಯುವ ಮೊಬೈಲು ಫೋನಿಗೂ ಈ ಕಣಿವೆಗೂ ನಂಟು ಇರುವ ಸಂಭವ ಹೆಚ್ಚು. ಫೋನಿನ ಒಳಗಿರುವ ಸಿಲಿಕಾನ್ ಬಿಲ್ಲೆಯನ್ನು ಬೆಳೆಸಲು ಬೇಕಾಗುವ ಪಾತ್ರೆಗೆ ಇಲ್ಲಿಯ ಕಲ್ಲೇ ಬೇಕು!

ಕಸವೇ ಕನಕವಾದ ಬಗೆ

ಈ ಬೆಟ್ಟಗಳ ಬಂಡೆಯಲ್ಲಿ ಮುಖ್ಯವಾಗಿ ಮೂರು ಖನಿಜಗಳು ಕೂಡಿಕೊಂಡಿವೆ: ನಾವು ಕಾಗೆಬಂಗಾರವೆನ್ನುವ ಅಭ್ರಕ, ಪಿಂಗಾಣಿಗೆ ಬೇಕಾದ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲು. ಬಿಳಿಯರು ಬರುವ ಮೊದಲೇ ಇಲ್ಲಿಯ ಮೂಲನಿವಾಸಿಗಳು ಅಭ್ರಕವನ್ನು ಅಗೆಯುತ್ತಿದ್ದರು. ಬಳಿಕ ಬಂದವರು ಅಭ್ರಕ, ಫೆಲ್ಡ್‌ಸ್ಪಾರುಗಳೆರಡನ್ನೂ ಮಾರಿದರು. ಉಳಿದ ಬೆಣಚನ್ನು ಕೇಳುವವರಿರಲಿಲ್ಲ. ಅದು ಗಣಿಯ ಬಳಿ ಬಿಳಿಯ ಗುಡ್ಡೆಯಾಗಿ ಬಿದ್ದಿರುತ್ತಿತ್ತು.

ಅದರ ಗುಣವನ್ನು ಮೊದಲು ಕಂಡುಕೊಂಡವರು ಗಾಜಿನ ತಯಾರಕರು. ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕಾಗಿ ಕಾರ್ನಿಂಗ್ ಕಂಪನಿಯವರು 1934ರಲ್ಲಿ ಎರಕ ಹೊಯ್ದ 200 ಅಂಗುಲ ಅಗಲದ ಕನ್ನಡಿಗೆ ಇಲ್ಲಿಯ ಮರಳನ್ನೇ ಬಳಸಿದರು.

ಈ ಬಂಡೆ ರೂಪುಗೊಂಡದ್ದು ಸುಮಾರು 38 ಕೋಟಿ ವರ್ಷಗಳ ಹಿಂದೆ. ಎರಡು ಭೂಖಂಡಗಳು ಒಂದಕ್ಕೊಂದು ಒತ್ತಿಕೊಂಡಾಗ ಆಳದಲ್ಲಿ ಕಲ್ಲು ಕರಗಿ, ಬಹು ನಿಧಾನವಾಗಿ ಮತ್ತೆ ಗಟ್ಟಿಯಾಯಿತು. ಅಲ್ಲಿ ನೀರಿನ ಅಂಶ ತೀರ ಕಡಿಮೆಯಿದ್ದುದರಿಂದ ಪರಕೀಯ ವಸ್ತುಗಳು ಬೆಣಚಿನೊಳಗೆ ಹೆಚ್ಚಾಗಿ ಸೇರಲಿಲ್ಲ. ಇಂದು ಈ ಕಲ್ಲನ್ನು ಪುಡಿಮಾಡಿ, ನೊರೆಯಲ್ಲಿ ತೇಲಿಸಿ ಬೇರ್ಪಡಿಸಿ, ಆಮ್ಲದಲ್ಲಿ ತೊಳೆದು ಶುದ್ಧಗೊಳಿಸುತ್ತಾರೆ. ಕೊನೆಗೆ ಉಳಿಯುವ ಮರಳಿನಲ್ಲಿ ಕಲ್ಮಷವು ಹತ್ತು ಲಕ್ಷ ಪಾಲಿಗೆ ಸುಮಾರು 20 ಪಾಲು ಮಾತ್ರ.

ಸಿಲಿಕಾನಿನ ಮೂಸೆ

ಇಷ್ಟೊಂದು ಮಡಿ ಏತಕ್ಕೆ? ದಾರಕ್ಕೆ ಹತ್ತಿದ ಹರಳಿನ ಸುತ್ತ ಕಲ್ಲುಸಕ್ಕರೆ ಬೆಳೆಯುವುದನ್ನು ನಾವು ಬಲ್ಲೆವು. ಸಿಲಿಕಾನ್ ಸ್ಫಟಿಕವನ್ನು ಬೆಳೆಸುವುದೂ ಅದನ್ನು ಹೋಲುವ ಕೆಲಸವೇ. ಕರಗಿದ ಸಿಲಿಕಾನಿಗೆ ಒಂದು ಬೀಜಹರಳನ್ನು ಮುಟ್ಟಿಸಿ, ತಿರುಗಿಸುತ್ತ ಮೆಲ್ಲಮೆಲ್ಲನೆ ಮೇಲಕ್ಕೆ ಎಳೆದರೆ ದುಂಡನೆಯ ಕಂಬದಂಥ ಒಂದೇ ಸ್ಫಟಿಕ ಎದ್ದುಬರುತ್ತದೆ. ಈ ವಿಧಾನವನ್ನು 1916ರಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದವನು ಯಾನ್ ಚೊಖ್ರಾಲ್ಸ್ಕಿ ಎಂಬ ಪೋಲೆಂಡಿನ ವಿಜ್ಞಾನಿ. ಲೇಖನಿಯನ್ನು ಮಸಿಕುಡಿಕೆಗೆ ಅದ್ದುವ ಬದಲು ಮರೆತು ಕರಗಿದ ತವರಕ್ಕೆ ಅದ್ದಿದಾಗ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ.

ಸಿಲಿಕಾನ್ ಕರಗಲು 1414 ಡಿಗ್ರಿ ಸೆಂಟಿಗ್ರೇಡ್ ಬೇಕು. ಅದೂ ಅಲ್ಲದೆ, ಕರಗಿದ ಸಿಲಿಕಾನ್ ತಾನು ಮುಟ್ಟಿದ ಪಾತ್ರೆಯನ್ನೇ ಅಷ್ಟಿಷ್ಟು ತಿನ್ನುತ್ತದೆ. ಲೋಹದ ಪಾತ್ರೆಯಾದರೆ ಆ ಲೋಹ ಬೆರೆತು ಸ್ಫಟಿಕ ಕೆಡುತ್ತದೆ. ಬೆಣಚಾದರೋ ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಅದು ಕರಗಿದರೂ ಹೊಸದಾಗಿ ಸೇರುವುದು ಆಮ್ಲಜನಕ ಮಾತ್ರ. ಅದರಲ್ಲಿಯೂ ಹೆಚ್ಚಿನ ಪಾಲು ಆವಿಯಾಗಿ ಹೊರಟುಹೋಗುತ್ತದೆ. ಆದುದರಿಂದ ಅಕ್ಕಸಾಲಿಗನಿಗೆ ಚಿನ್ನ ಕರಗಿಸಲು ಮೂಸೆ ಇರುವಂತೆ, ಸಿಲಿಕಾನಿಗೆ ಬೆಣಚುಗಾಜಿನ ಮೂಸೆ.

ಗ್ರಾಫೈಟಿನ ಅಚ್ಚನ್ನು ಕುಂಬಾರನ ಚಕ್ರದಂತೆ ತಿರುಗಿಸಿ, ಮರಳನ್ನು ಅದರ ಒಳಗೋಡೆಗೆ ಹರಡಿ, ನಡುವೆ ವಿದ್ಯುತ್ತಿನ ಜ್ವಾಲೆ ಹೊತ್ತಿಸಿ ಕರಗಿಸಿದರೆ ಈ ಮೂಸೆ ಸಿದ್ಧವಾಗುತ್ತದೆ. ಒಳಪದರದಿಂದ ಗಾಳಿಯನ್ನು ಹೀರಿ ತೆಗೆಯುವುದರಿಂದ ಅದು ಗುಳ್ಳೆಗಳಿಲ್ಲದೆ ತಿಳಿಯಾಗಿರುತ್ತದೆ. ಹೊರಪದರದಲ್ಲಿ ಸಣ್ಣ ಗುಳ್ಳೆಗಳನ್ನು ಬೇಕೆಂದೇ ಉಳಿಸುತ್ತಾರೆ. ಅವು ಕುಲುಮೆಯ ಬಿಸಿಯನ್ನು ಎಲ್ಲೆಡೆಗೂ ಸಮನಾಗಿ ಹರಡುತ್ತವೆ.

ಬೆಂಕಿಯ ಪರೀಕ್ಷೆ

ತೊಡಕು ಇರುವುದು ಇಲ್ಲಿಯೇ. ಬೆಣಚುಗಾಜು 1200 ಡಿಗ್ರಿ ದಾಟಿದ ಮೇಲೆ ಬಿಗಿ ಕಳೆದುಕೊಂಡು ಕ್ರಮೇಣ ಮೆತ್ತಗಾಗುತ್ತದೆ. ಸಿಲಿಕಾನ್ ಕರಗುವ ವೇಳೆಗೆ ಮೂಸೆಯ ಗೋಡೆ ತನ್ನ ಕಾಲ ಮೇಲೆ ತಾನು ನಿಲ್ಲಲಾರದು. ಹೊರಗಿನಿಂದ ಗ್ರಾಫೈಟಿನ ಕವಚ ಆಸರೆ ಕೊಡಬೇಕು. ಆಗಲೂ ಮೇಲಿನ ಅಂಚು ಒಳಕ್ಕೆ ಬಾಗುವುದುಂಟು, ಗೋಡೆ ಕುಸಿಯುವುದುಂಟು. ಸೋಡಿಯಂ, ಪೊಟ್ಯಾಸಿಯಂಗಳಂಥ ಧಾತುಗಳು ಲವಲೇಶ ಹೆಚ್ಚಾದರೂ ಸಾಕು, ಗಾಜಿನ ಒಳಗಿನ ಕಟ್ಟು ಸಡಿಲವಾಗಿ ಮೂಸೆ ಬೇಗ ಸೋಲುತ್ತದೆ. ಮರಳಿನ ಶುದ್ಧಿಗೆ ಅಷ್ಟು ಬೆಲೆ ಬಂದುದು ಈ ಕಾರಣದಿಂದ.

ಇನ್ನೊಂದು ಕಂಟಕವೂ ಉಂಟು. ಬಹಳ ಹೊತ್ತು ಕಾದ ಗಾಜು ಅಲ್ಲಲ್ಲಿ ಕ್ರಿಸ್ಟೊಬಲೈಟ್ ಎಂಬ ಹರಳಾಗಿ ಮಾರ್ಪಟ್ಟು, ಕಂದುಬಣ್ಣದ ಉಂಗುರಗಳಂತೆ ಒಳಗೋಡೆಯ ಮೇಲೆ ಮೂಡುತ್ತದೆ. ಅದರ ಚಕ್ಕೆಯೊಂದು ಕಳಚಿ ದ್ರವದಲ್ಲಿ ತೇಲಿ ಸ್ಫಟಿಕವನ್ನು ತಾಗಿದರೆ, ಗಂಟೆಗಟ್ಟಲೆ ಬೆಳೆಸಿದ ಅಣುಗಳ ಸಾಲು ಅಲ್ಲಿಗೆ ಮುರಿಯಿತು.

ಇದಕ್ಕೆ 1990ರ ದಶಕದಲ್ಲಿ ದೊರೆತ ಪರಿಹಾರವು ಮುಳ್ಳಿನಿಂದ ಮುಳ್ಳನ್ನು ತೆಗೆದಂತಿದೆ. ಒಳಗೋಡೆಗೆ ಬೇರಿಯಂ ಸಂಯುಕ್ತದ ತೆಳುಲೇಪ ಕೊಟ್ಟರೆ, ಹರಳು ಅಲ್ಲಲ್ಲಿ ಮೂಡುವ ಬದಲು ಮೇಲ್ಮೈಯೆಲ್ಲ ಒಂದೇ ಸಮನೆ ತೆಳುವಾಗಿ, ಒತ್ತಾಗಿ ಹರಳುಗಟ್ಟುತ್ತದೆ. ಆ ಪದರದಿಂದ ಚಕ್ಕೆ ಏಳುವುದು ಕಡಿಮೆ. ಅದು ಕರಗುವುದೂ ನಿಧಾನ. ಹೊರಗೋಡೆಯಲ್ಲಿಯೂ ಇಂಥ ಪದರ ಮೂಡಿಸಿದರೆ, ಮೆತ್ತಗಾದ ಗಾಜಿಗೆ ಅದೇ ಬೆನ್ನೆಲುಬಾಗುತ್ತದೆ. ಹಿಂದೆ ಒಂದು ಮೂಸೆಗೆ ಒಂದು ಸ್ಫಟಿಕವೆಂಬುದೇ ರೂಢಿಯಾಗಿತ್ತು. ಇಂದು ಸೌರಫಲಕದ ಕಾರ್ಖಾನೆಗಳಲ್ಲಿ ಬಿಸಿ ಆರಲು ಬಿಡದೆ ಮತ್ತೆ ಮತ್ತೆ ಸಿಲಿಕಾನ್ ತುಂಬಿ, ಒಂದರಿಂದಲೇ ಹಲವು ಸ್ಫಟಿಕಗಳನ್ನು ತೆಗೆಯುತ್ತಾರೆ. ಮೂಸೆ ನೂರಾರು ಗಂಟೆ ತಾಳುತ್ತದೆ. ಆದರೆ ಒಮ್ಮೆ ಆರಿತೆಂದರೆ ಆ ಹರಳಿನ ಪದರ ಥಟ್ಟನೆ ಕುಗ್ಗಿ ಮೂಸೆ ಬಿರಿಯುತ್ತದೆ. ಮರುಬಳಕೆ ಇಲ್ಲ. ಹಾಗಾಗಿ ಹೊಸ ಮರಳಿಗೆ ಬೇಡಿಕೆ ನಿಲ್ಲುವಂತಿಲ್ಲ.

ನದಿ ಉಕ್ಕಿದ ವಾರ

ಉತ್ತಮ ದರ್ಜೆಯ ಮೂಸೆಗೆ ಬೇಕಾದ ಇಂಥ ಮರಳಿನ ಬಹುಪಾಲು ಈ ಕಣಿವೆಯದೇ. ಗಣಿಗಾರಿಕೆ ಎರಡು ಕಂಪನಿಗಳ ಕೈಯಲ್ಲಿದೆ: ಬೆಲ್ಜಿಯಂ ಮೂಲದ ಸಿಬೆಲ್ಕೊ ಮತ್ತು ದಿ ಕ್ವಾರ್ಟ್ಜ್ ಕಾರ್ಪ್. ಎರಡನೆಯ ಕಂಪನಿ ಇಲ್ಲಿಯ ಮರಳನ್ನು ಸಮುದ್ರ ದಾಟಿಸಿ, ಉತ್ತರ ನಾರ್ವೆಯ ಡ್ರಾಗ್ ಎಂಬಲ್ಲಿ ಶುದ್ಧಿಮಾಡಿಸುತ್ತದೆ.

2024ರ ಸೆಪ್ಟೆಂಬರ್ ಕೊನೆಯ ವಾರ ಹೆಲೀನ್ ಚಂಡಮಾರುತವು ಈ ಬೆಟ್ಟಗಳ ಮೇಲೆ ಎರಗಿತು. ಕೆಲವೇ ದಿನಗಳಲ್ಲಿ ಸ್ಪ್ರೂಸ್ ಪೈನಿನಲ್ಲಿ 24 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ನಾರ್ತ್ ಟೋ ಉಕ್ಕಿ ಕೆಳಗಿನ ಬೀದಿಯ ಅಂಗಡಿಗಳಿಗೆ ನುಗ್ಗಿತು, ರೈಲುಹಳಿ ಕೊಚ್ಚಿಹೋಯಿತು, ವಿದ್ಯುತ್ತು, ಕುಡಿಯುವ ನೀರು ಎರಡೂ ಇಲ್ಲವಾದವು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸೆಪ್ಟೆಂಬರ್ 26ರಂದು ಎರಡೂ ಕಂಪನಿಗಳ ಕೆಲಸ ನಿಂತಿತು. ಅದುವರೆಗೆ ಈ ಊರಿನ ಹೆಸರನ್ನೇ ಕೇಳಿರದ ದೂರದ ದೇಶಗಳ ಪತ್ರಿಕೆಗಳು, ಸಿಲಿಕಾನ್ ಉದ್ಯಮದ ಗತಿಯೇನು ಎಂದು ಕೇಳತೊಡಗಿದವು. ದಾಸ್ತಾನು ಇದ್ದುದರಿಂದ ಉದ್ಯಮ ಪಾರಾಯಿತು. ಎರಡು ವಾರದಲ್ಲಿ ಗಣಿಯ ಕೆಲಸವೂ ಮೆಲ್ಲಗೆ ಮರಳಿ ಶುರುವಾಯಿತು.

ಬೀದಿಯ ಕೆಸರನ್ನು ಎತ್ತಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಗಣಿಯಲ್ಲಿ ದುಡಿಯುವವರ ಮನೆಗಳಿರುವುದೂ ಇದೇ ಕಣಿವೆಯಲ್ಲಿ. ಮೂಸೆಯ ತಾಳಿಕೆಯನ್ನು ಒಂದೊಂದು ಗಂಟೆ ಹೆಚ್ಚಿಸಲು ಹಲವು ದೇಶಗಳ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಅವರು ಗೆದ್ದಷ್ಟೂ ಅದೇ ಮರಳು ಹೆಚ್ಚು ಸ್ಫಟಿಕಗಳಿಗೆ ಒದಗಬಹುದು, ಒಂದೇ ಬೆಟ್ಟದ ಮೇಲೆ ಬಿದ್ದಿರುವ ಭಾರವೂ ಸ್ವಲ್ಪ ಇಳಿಯಬಹುದು. ಬ್ಲೂ ರಿಜ್ ದಾರಿಯಲ್ಲಿ ಹೋಗುವ ಪ್ರವಾಸಿಗರು ಗಿಲೆಸ್ಪಿ ಗ್ಯಾಪ್ ಎಂಬ ಕಣಿವೆದಾರಿಯಲ್ಲಿ ಖನಿಜ ಸಂಗ್ರಹಾಲಯದ ಕಟ್ಟಡವನ್ನು ನೋಡಬಹುದು. ಅಲ್ಲಿಂದ ಕೆಲವೇ ಮೈಲಿ ಕೆಳಗಿಳಿದರೆ ಎರಡು ಬೀದಿಗಳ ಆ ಊರು.